ಪಡುಬದಿಯ ಕೋಣೆ, ಮೂರು ಮುಡಿ ಅಕ್ಕಿ

ಕಳೆದ ಆಟಿ ತಿಂಗಳಲ್ಲಿ, ಅಟ್ಟದ ಮೇಲಿನ ಮರದ ಪೆಟ್ಟಿಗೆಗೆ ಗೆದ್ದಲು ಹತ್ತಿದೆಯೋ ಎಂದು ನೋಡಲು ಹೋದ ನನಗೆ 1958ರ ಪಾಲುಪಟ್ಟಿಯೊಂದು ಸಿಕ್ಕಿತು. ಕಾಸರಗೋಡು ಕೇರಳಕ್ಕೆ ಸೇರಿ ಇನ್ನೂ ಎರಡು ವರ್ಷ ತುಂಬದ ಕಾಲದ ಪತ್ರ ಅದು. ಒಕ್ಕಣೆಯೆಲ್ಲ ಕನ್ನಡದಲ್ಲೇ ಇದೆ. ಅಜ್ಜ ಮತ್ತು ಅವರ ಇಬ್ಬರು ತಮ್ಮಂದಿರು ಗದ್ದೆ, ತೋಟ, ಗುಡ್ಡ, ಸುರಂಗದ ನೀರು ಎಲ್ಲವನ್ನೂ ಮೂರು ಪಾಲು ಮಾಡಿಕೊಂಡ ಮೇಲೆ, ಆರನೆಯ ಪುಟದಲ್ಲಿ ಅಜ್ಜನ ತಂಗಿಯ ವಿಷಯ ಬರುತ್ತದೆ. ಎಳವೆಯಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ್ದ ಆಕೆಗೆ ಜೀವಮಾನ ಪರ್ಯಂತ ಮನೆಯ ಪಡುಬದಿಯ ಕೋಣೆ, ವರ್ಷಕ್ಕೆ ಮೂರು ಮುಡಿ ಅಕ್ಕಿ, ಎರಡು ಜೊತೆ ಸೀರೆ, ತಲೆಗೂ ದೀಪಕ್ಕೂ ಬೇಕಾದಷ್ಟು ಎಣ್ಣೆ, ಬಾವಿಯಿಂದ ನೀರು ಸೇದುವ ಹಕ್ಕು, ಬಚ್ಚಲಿಗೆ ಹೋಗಿಬರುವ ದಾರಿ, ಮತ್ತು ಕಾಯಿಲೆ ಬಿದ್ದಲ್ಲಿ ಯಥೋಚಿತ ಶುಶ್ರೂಷೆ ಎಂದು ಬರೆದಿದ್ದಾರೆ. ಅಂಕಿಯಲ್ಲಿ 3 ಎಂದು ಬರೆದು, ಪಕ್ಕದಲ್ಲಿ ಅಕ್ಷರದಲ್ಲೂ ಮೂರು ಎಂದು ಬರೆದ ಆ ಬರಹಗಾರನ ಕೈ ಬಹಳ ದುಂಡಗಿದೆ.

ಮುಡಿಯೊಂದಕ್ಕೆ 42 ಸೇರಿನ ಲೆಕ್ಕದಲ್ಲಿ ವರ್ಷಕ್ಕೆ 126 ಸೇರು ಅಕ್ಕಿ ಆಯಿತು. ಒಬ್ಬಳ ಊಟಕ್ಕೆ ಕೊರತೆಯಿಲ್ಲ. ನನ್ನ ಕಣ್ಣು ಮತ್ತೆ ಮತ್ತೆ ಹೋದದ್ದು ಮಾತ್ರ ಆ ಕಡೆಯ ಮಾತಿಗೆ. ಅಕ್ಕಿಗೆ ಅಳತೆಯಿದೆ, ಸೀರೆಗೆ ಲೆಕ್ಕವಿದೆ, ಕೋಣೆಗೆ ದಿಕ್ಕಿದೆ. ಶುಶ್ರೂಷೆಗೆ ಮಾತ್ರ 'ಯಥೋಚಿತ' ಎಂಬ ಒಂದು ವಿಶೇಷಣವಿದೆಯೇ ಹೊರತು ಅದನ್ನು ಮಾಡುವವರು ಯಾರು, ದಿನಕ್ಕೆ ಎಷ್ಟು ಹೊತ್ತು, ರಾತ್ರಿ ಎದ್ದು ಬಚ್ಚಲಿಗೆ ಕರೆದೊಯ್ಯುವವರು ಯಾರು ಎಂಬುದು ಇಲ್ಲ. ಬರೆಯುವ ಅಗತ್ಯ ಅವರಿಗೆ ಕಾಣಲಿಲ್ಲ. ಆ ಕೈಗಳು ಮನೆಯಲ್ಲೇ ಇದ್ದವು. ಅಜ್ಜನ ತಂಗಿಯ ಕೊನೆಯ ಹನ್ನೊಂದು ವರ್ಷಗಳ ಶುಶ್ರೂಷೆಯನ್ನು ಮಾಡಿದವಳು ನನ್ನ ಅಮ್ಮ, ಮತ್ತು ಆ ಪಾಲುಪಟ್ಟಿಯ ಹದಿನಾಲ್ಕು ಪುಟಗಳಲ್ಲಿ ಅಮ್ಮನ ಹೆಸರು ಎಲ್ಲಿಯೂ ಇಲ್ಲ, ಇರುವುದು ಸಾಧ್ಯವೂ ಇರಲಿಲ್ಲ, ಏಕೆಂದರೆ ಅವಳು ಆಗಿನ್ನೂ ಮದುವೆಯಾಗಿ ಈ ಮನೆಗೆ ಬಂದೇ ಇರಲಿಲ್ಲ.

ಆ ಅಮ್ಮನೇ 2019ರ ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳದಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡಳು. ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದ ಮೇಲೆ ಎಲುಬು ಕೂಡಿತು, ಮರೆವು ಆರಂಭವಾಯಿತು. ಅಕ್ಕ ಇರುವುದು ಗಡಿಯಾಚೆ, ಕರ್ನಾಟಕದ ವಿಟ್ಲದ ಕಡೆ. ಕರೆದರೆ ಒಂದು ಗಂಟೆಯೊಳಗೆ ಬರುವಷ್ಟು ದೂರ. ಆದರೆ ಮರುವರ್ಷದ ಮಾರ್ಚಿನಲ್ಲಿ ಕೊರೊನಾದ ಹೆಸರಿನಲ್ಲಿ ಗಡಿಯ ದಾರಿಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ಹತ್ತಿರದಲ್ಲಿರುವ ಮಗಳನ್ನು ನಂಬಿ ನಡೆಯುತ್ತಿದ್ದ ನಮ್ಮ ವ್ಯವಸ್ಥೆ ಎಷ್ಟು ಸಪೂರ ನೂಲಿನ ಮೇಲೆ ನಿಂತಿತ್ತೆಂದು ಗೊತ್ತಾಯಿತು. ಹೆಂಡತಿಗೆ ಆಗಲೇ ಮಂಡಿನೋವು. ನಾನು ಶಾಲೆಯಿಂದ ನಿವೃತ್ತನಾಗಿದ್ದೆ, ಆದರೆ ಅಮ್ಮ ಮಗನ ಕೈಯಿಂದ ಮೀಯಿಸಿಕೊಳ್ಳಲು ಒಪ್ಪುವವಳಲ್ಲ. ದಾರಿಗಳು ತೆರೆದ ಮೇಲೆ ತಿಂಗಳಿಗೆ 18,000 ರೂಪಾಯಿಗೆ ಇಡುಕ್ಕಿಯ ಕಡೆಯ ಹೋಂ ನರ್ಸ್ ಒಬ್ಬರು ಬಂದರು.

ಆ ಹೆಂಗಸು ಕೆಲಸದಲ್ಲಿ ಚುರುಕು, ಮಾತಿನಲ್ಲಿ ಮೃದು. ತೊಡಕಾದದ್ದು ಭಾಷೆ. ಪೇಟೆ, ಬಸ್ಸು, ಆಸ್ಪತ್ರೆಗಳಲ್ಲಿ ನಡುವಯಸ್ಸಿನ ನಂತರ ಕಲಿತಿದ್ದ ಮಲಯಾಳವು ಮರೆವಿನೊಂದಿಗೆ ಅಮ್ಮನಿಂದ ಮೊದಲು ಹೊರಟುಹೋಗಿತ್ತು. ಉಳಿದದ್ದು ತವರಿನಲ್ಲಿ ಕಲಿತ ಮಾತು ಮಾತ್ರ. ಬೆಳಿಗ್ಗೆ ಆಕೆ 'ಅಮ್ಮೇ, ಕುಳಿಕ್ಕಾಂ' ಎಂದರೆ, ಸ್ನಾನ ಮಾಡೋಣ ಎಂಬ ಆ ಮಾತು ಅಮ್ಮನ ಕಿವಿಗೆ 'ಕುಳಿತುಕೋ' ಎಂದು ಕೇಳಿ, ಅವಳು ವಿಧೇಯಳಾಗಿ ಮಂಚದ ಮೇಲೆ ಕುಳಿತುಬಿಡುತ್ತಿದ್ದಳು. ಆಕೆ ಎಬ್ಬಿಸಲು ಹೋದರೆ, ಕುಳಿತುಕೋ ಎಂದವಳೇ ಎಳೆಯುತ್ತಾಳೆ ಎಂದು ಅಮ್ಮನಿಗೆ ಸಿಟ್ಟು. ಈ ಜಗಳ ಎರಡು ವಾರ ನಡೆಯಿತು. ಮೂರನೆಯ ವಾರ ಒಂದು ದಿನ ಅಡುಗೆಮನೆಯಿಂದ ಕೇಳಿಸಿಕೊಂಡೆ, ಆ ಇಡುಕ್ಕಿಯ ಹೆಂಗಸು ನಮ್ಮ ಮನೆಮಾತಿನಲ್ಲೇ 'ಅಮ್ಮಾ, ಮೀವ' ಎನ್ನುತ್ತಿದ್ದರು. ಅಮ್ಮ ಊರುಗೋಲು ಹುಡುಕುತ್ತಿದ್ದಳು.

ಇಷ್ಟನ್ನು ಹೇಳುವಾಗ ನಾವು ತೋಟವಿರುವವರು, ಅಡಿಕೆಗೆ ಬೆಲೆಯಿದ್ದ ವರ್ಷಗಳಲ್ಲಿ 18,000 ಕೊಡಲು ಸಾಧ್ಯವಾದವರು ಎಂಬುದನ್ನು ಮುಚ್ಚಿಡಬಾರದು. ಕೊಡಲಾರದವರಿಗೆ ಸರಕಾರ ಏನು ಕೊಡುತ್ತದೆ ಎಂಬುದನ್ನು ನಾನು ಸರಿಯಾಗಿ ನೋಡಿದ್ದು ಅಮ್ಮ ತೀರಿಕೊಂಡ ಮೇಲೆ, ನಮ್ಮ ತೋಟದ ಕೆಳಗಿನ ಮನೆಯ ಹೆಂಗಸೊಬ್ಬರ ಕಾಗದಪತ್ರಗಳನ್ನು ನೋಡಿಕೊಳ್ಳತೊಡಗಿದಾಗ. ಆಕೆಗೆ 68 ವರ್ಷ. ಮಗನಿಗೆ 34. ಮಗ ನಡೆಯುತ್ತಾನೆ, ನಗುತ್ತಾನೆ, ನಾಲ್ಕಾರು ಶಬ್ದಗಳಿವೆ, ಉಳಿದಂತೆ ಎಲ್ಲದಕ್ಕೂ ತಾಯಿಯೇ ಬೇಕು. ನಮ್ಮದು ಎಣ್ಮಕಜೆ ಪಂಚಾಯತು. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಹನ್ನೊಂದು ಪಂಚಾಯತುಗಳಲ್ಲಿ ಇದೂ ಒಂದು. ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರುಗಳೂ ಆ ಪಟ್ಟಿಯಲ್ಲಿವೆ. ಓದುಗರಿಗೆ ಈ ಕಥೆ ಹೊಸತಲ್ಲ. ಸುಪ್ರೀಂ ಕೋರ್ಟು 2011ರ ಮೇ ತಿಂಗಳಲ್ಲಿ ಆ ವಿಷವನ್ನು ನಿಷೇಧಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಆಜ್ಞಾಪಿಸಿತು. ಆ ಮೂರು ತಿಂಗಳು ಹಲವರ ಪಾಲಿಗೆ ಐದು ವರ್ಷಕ್ಕೂ ಹೆಚ್ಚಾಯಿತು. ಇವರ ಮನೆಗೂ ಕೊನೆಗೆ ಹಣ ಬಂತು, ಮಾಡಿಗೆ ಶೀಟು ಬಂತು, ಹಳೆಯ ಸಾಲ ತೀರಿತು. ಪರಿಹಾರದ ಹಣವು ಆಗಿಹೋದದ್ದಕ್ಕೆ ಕೊಡುವಂಥದು. ನಾಳೆ ಬೆಳಿಗ್ಗೆ ಏಳು ಗಂಟೆಗೆ ಮಗನನ್ನು ಯಾರು ಎಬ್ಬಿಸಬೇಕು ಎಂಬುದಕ್ಕೆ ಅದರಲ್ಲಿ ಬಾಬತ್ತಿಲ್ಲ.

ತಿಂಗಳು ತಿಂಗಳು ಬರುವ ಹಣದ ಕಥೆ ಬೇರೆ. ಕೇರಳದಲ್ಲಿ ಕ್ಷೇಮ ಪಿಂಚಣಿ 1980ರಲ್ಲಿ ಕೃಷಿಕಾರ್ಮಿಕರಿಗೆ 45 ರೂಪಾಯಿ ಕೊಡುವುದರೊಂದಿಗೆ ಶುರುವಾಯಿತು. ಬಹುಕಾಲ 1,600ರಲ್ಲಿ ನಿಂತಿದ್ದ ಅದು 2025ರ ನವೆಂಬರಿನಿಂದ 2,000 ಆಗಿದೆ. ಕೇಂದ್ರ ಸರಕಾರದ ವೃದ್ಧಾಪ್ಯ ಪಿಂಚಣಿಯ ಪಾಲು 60ರಿಂದ 79ರವರೆಗೆ 200 ರೂಪಾಯಿ, 80 ದಾಟಿದರೆ 500 ಎಂಬುದನ್ನು ನೋಡಿದರೆ ಕೇರಳ ಕೊಡುವುದು ಸಣ್ಣದಲ್ಲ, ಅದನ್ನು ಗಡಿಯ ಈಚೆ ಕುಳಿತು ಸದಾ ದೂರು ಹೇಳುವ ನಾವು ಒಪ್ಪಿಕೊಳ್ಳಲೇಬೇಕು. ಇದರ ಮೇಲೆ, ಹಾಸಿಗೆ ಹಿಡಿದವರನ್ನೂ ತೀವ್ರ ವಿಕಲತೆಯುಳ್ಳವರನ್ನೂ ದಿನವಿಡೀ ನೋಡಿಕೊಳ್ಳುವ ಮನೆಯವರಿಗೆಂದು 'ಆಶ್ವಾಸಕಿರಣಂ' ಎಂಬ ಯೋಜನೆಯಿದೆ. ಆರೈಕೆ ಮಾಡುವವರಿಗೇ ದುಡ್ಡು ಕೊಡಬೇಕೆಂಬ ವಿಚಾರವೇ ನಮ್ಮ ದೇಶದಲ್ಲಿ ಅಪರೂಪ, ಅದಕ್ಕಾಗಿ ಆ ಯೋಜನೆಯನ್ನು ಮೆಚ್ಚುತ್ತೇನೆ. ಮೊತ್ತ 600 ರೂಪಾಯಿ. ದಿನಕ್ಕೆ 20. ಎಂಡೋಸಲ್ಫಾನ್ ಪಟ್ಟಿಯಲ್ಲಿರುವವರನ್ನು ನೋಡಿಕೊಳ್ಳುವವರಿಗೆ 700. ಪೆರ್ಲ ಪೇಟೆಯಲ್ಲಿ ಎರಡು ಚಹಾ ಕುಡಿದರೆ ಇಪ್ಪತ್ತು ರೂಪಾಯಿ ಮುಗಿಯುತ್ತದೆ. ಕೆಳಗಿನ ಮನೆಯಲ್ಲಿ ಆ ತಾಯಿ ಬೆಳಗಿನ ಐದರಿಂದ ರಾತ್ರಿ ಹತ್ತರವರೆಗೆ ಎಚ್ಚರವಾಗಿರುತ್ತಾರೆ.

ಹೀಗೆ ಒಂದು ತುದಿಯಲ್ಲಿ ನಗದು ನಿಂತಿದೆ, ಇನ್ನೊಂದು ತುದಿಯಲ್ಲಿ ಕಟ್ಟಡ. ಹೆತ್ತವರ ಮತ್ತು ಹಿರಿಯ ನಾಗರಿಕರ ಪಾಲನೆಗಾಗಿ 2007ರಲ್ಲಿ ಬಂದ ಕಾಯಿದೆಯ 19ನೆಯ ಕಲಮಿನ ಪ್ರಕಾರ ರಾಜ್ಯ ಸರಕಾರವು ಜಿಲ್ಲೆಗೆ ಕನಿಷ್ಠ ಒಂದರಂತೆ, 150 ಮಂದಿ ನಿರ್ಗತಿಕ ವೃದ್ಧರು ವಾಸಿಸಬಲ್ಲ ವೃದ್ಧಾಶ್ರಮಗಳನ್ನು ಸ್ಥಾಪಿಸಬಹುದು. 'ಬಹುದು' ಎಂಬ ಆ ಪ್ರತ್ಯಯದ ಮೇಲೆ ಕನ್ನಡ ವ್ಯಾಕರಣ ಕಲಿಸಿದ ನನ್ನಂಥವನು ಒಂದು ಗಂಟೆ ಪಾಠ ಮಾಡಬಲ್ಲ. ನಮ್ಮ ಜಿಲ್ಲೆಯ ಸರಕಾರಿ ವೃದ್ಧಮಂದಿರ ಚಂದ್ರಗಿರಿ ಹೊಳೆಯ ಆಚೆ, ಪರವನಡ್ಕದಲ್ಲಿದೆ. ಅರವತ್ತು ದಾಟಿದ, ಗತಿಯಿಲ್ಲದ ತಾಯಿಗೆ ಅಲ್ಲಿ ಜಾಗ ಕೇಳಬಹುದು. ಮೂವತ್ತನಾಲ್ಕರ ಮಗನಿಗೆ ಅಲ್ಲಿ ಜಾಗವಿಲ್ಲ. ಅವನಂಥ ಗಂಡಸರಿಗಾಗಿ ಇರುವ ಸರಕಾರಿ 'ಪ್ರತೀಕ್ಷಾ ಭವನ' ಮಲಪ್ಪುರಂ ಜಿಲ್ಲೆಯ ತವನೂರಿನಲ್ಲಿದೆ. ಹುಟ್ಟಿದಂದಿನಿಂದ ಒಂದು ರಾತ್ರಿಯೂ ಬೇರೆಯಾಗದ ಈ ಇಬ್ಬರನ್ನು ಸರಕಾರದ ಖರ್ಚಿನಲ್ಲಿ ನೋಡಿಕೊಳ್ಳಬೇಕಾದರೆ ಮೊದಲು ಒಬ್ಬರನ್ನು ಹೊಳೆಯಾಚೆಗೆ, ಇನ್ನೊಬ್ಬನನ್ನು ಎರಡು ಜಿಲ್ಲೆ ದಾಟಿಸಿ ಮೂರನೆಯದಕ್ಕೆ ಕಳುಹಿಸಬೇಕು. ಅಲ್ಲಿನ ಸಿಬ್ಬಂದಿ ಒಳ್ಳೆಯವರೇ ಇರಬಹುದು, ಊಟವೂ ಬಿಸಿಯಾಗಿರಬಹುದು. ಆದರೆ ಇವರು ತಾಯಿ ಮಗ ಎಂಬುದನ್ನು ಬರೆಯಲು ಎರಡೂ ಕಡೆಯ ದಾಖಲೆಗಳಲ್ಲಿ ಅಂಕಣವಿಲ್ಲ.

'ಅಸಿಸ್ಟೆಡ್ ಲಿವಿಂಗ್' ಎಂಬ ಪದ ನಮ್ಮಲ್ಲಿ ಈಗ ಬೆಂಗಳೂರು, ಕೊಚ್ಚಿಗಳ ಬಿಲ್ಡರುಗಳ ಜಾಹೀರಾತಿನಲ್ಲಿ ಕಾಣಿಸುತ್ತದೆ. ಈಜುಕೊಳ, ಭಜನೆ ಹಾಲ್ ಮತ್ತು ಕರೆಗಂಟೆಯೊಂದಿಗೆ. ಅದರ ಮೂಲದಲ್ಲಿದ್ದ ವಿಚಾರ ಇಷ್ಟು ಆಡಂಬರದ್ದಾಗಿರಲಿಲ್ಲ: ಬಾಗಿಲು ನಿಮ್ಮದು, ಬೀಗದ ಕೈ ನಿಮ್ಮದು, ಎದ್ದುಕೊಳ್ಳುವ ಹೊತ್ತು ನಿಮ್ಮದು, ಮೀಯಲು, ಉಡಲು, ಮಾತ್ರೆ ನುಂಗಲು ಕೈಯಾಸರೆ ಮಾತ್ರ ನಮ್ಮದು. ಅಮೆರಿಕದಲ್ಲಿ ಬಡವರಿಗಾಗಿ 1965ರಲ್ಲಿ ಬಂದ ಮೆಡಿಕೆಯ್ಡ್ ಯೋಜನೆ ಮೊದಲು ನರ್ಸಿಂಗ್ ಹೋಮಿಗೆ ಸೇರಿದವರ ಖರ್ಚನ್ನು ಕೊಡುತ್ತಿತ್ತು, ಮನೆಯಲ್ಲೇ ಇರುತ್ತೇನೆಂದವರಿಗೆ ಹೆಚ್ಚೇನೂ ಕೊಡುತ್ತಿರಲಿಲ್ಲ. ಹಾಗಾಗಿ ಮನೆ ಬಿಟ್ಟರೆ ಮಾತ್ರ ಆರೈಕೆ ಎಂಬ ವಿಚಿತ್ರ ನಿಯಮ ತನ್ನಿಂದ ತಾನೇ ಹುಟ್ಟಿಕೊಂಡಿತು. 1981ರ ಬಳಿಕ ರಾಜ್ಯಗಳು ವಿನಾಯಿತಿ ಪಡೆದು ಅದೇ ಹಣವನ್ನು ಮನೆಗೂ ಇಂಥ ವಸತಿಗಳಿಗೂ ಕಳುಹಿಸಲು ಸಾಧ್ಯವಾಯಿತು. ಈಗಲೂ ಅಸಿಸ್ಟೆಡ್ ಲಿವಿಂಗಿನಲ್ಲಿ ಮೆಡಿಕೆಯ್ಡ್ ಕೊಡುವುದು ಕೈಯಾಸರೆಯ ಖರ್ಚನ್ನು. ಕೋಣೆಯ ಬಾಡಿಗೆ, ಊಟದ ಖರ್ಚು ಆಯಾ ವ್ಯಕ್ತಿಯ ಪಿಂಚಣಿಯಿಂದಲೇ ಹೋಗಬೇಕು. ನಮ್ಮ 1958ರ ಪಾಲುಪಟ್ಟಿಯನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ತಮಾಷೆಯಾಗಿದೆ, ಅಲ್ಲಿ ಕೋಣೆಗೂ ಅಕ್ಕಿಗೂ ಲೆಕ್ಕವಿತ್ತು, ಕೈಗೆ ಇರಲಿಲ್ಲ.

ಈ ವಿಷಯದಲ್ಲಿ ನನ್ನನ್ನು ಹೆಚ್ಚು ಹಿಡಿದದ್ದು ಜಪಾನ್. 2000ದ ಏಪ್ರಿಲಿನಲ್ಲಿ ಅಲ್ಲಿ ಆರೈಕೆ ವಿಮೆ ಜಾರಿಗೆ ಬಂತು. 40 ವರ್ಷ ತುಂಬಿದವರೆಲ್ಲ ಕಂತು ಕಟ್ಟುತ್ತಾರೆ, ಅರ್ಧ ವೆಚ್ಚ ತೆರಿಗೆಯಿಂದ ಬರುತ್ತದೆ. ಯಾರಿಗೆ ಎಷ್ಟು ಸಹಾಯ ಬೇಕೆಂಬುದನ್ನು ಮನೆಗೆ ಬಂದು ನೋಡಿ ಏಳು ಹಂತಗಳಲ್ಲಿ ಒಂದಕ್ಕೆ ಸೇರಿಸುತ್ತಾರೆ, ಮತ್ತು ಸಾಮಾನ್ಯವಾಗಿ ಖರ್ಚಿನ ಹತ್ತನೆಯ ಒಂದು ಪಾಲನ್ನು ಬಳಸುವವರು ಕೊಡಬೇಕು. ಇಲ್ಲಿ ಗಮನಿಸಬೇಕಾದದ್ದು, ಆ ವಿಮೆ ಮನೆಯವರ ಕೈಗೆ ನಗದು ಕೊಡುವುದಿಲ್ಲ. ಜರ್ಮನಿಯವರು 1995ರಲ್ಲಿ ತಮ್ಮ ವಿಮೆಯಲ್ಲಿ ನಗದನ್ನೂ ಇಟ್ಟಿದ್ದರು. ಜಪಾನಿನಲ್ಲಿ ಅದರ ಬಗ್ಗೆ ವಾದ ನಡೆದಾಗ, ನಗದು ಕೊಟ್ಟರೆ ಸೊಸೆಯಂದಿರನ್ನು ಮನೆಯಲ್ಲೇ ಕಟ್ಟಿಹಾಕಲು ಅದು ನೆಪವಾಗುತ್ತದೆ ಎಂದು ಅಲ್ಲಿನ ಹೆಂಗಸರು ವಿರೋಧಿಸಿದರು. ಅಮ್ಮನ ಹನ್ನೊಂದು ವರ್ಷಗಳನ್ನು ನೋಡಿದ ನನಗೆ ಆ ವಾದವನ್ನು ಯಾರೂ ವಿವರಿಸಿ ಹೇಳಬೇಕಾಗಲಿಲ್ಲ. ಜಪಾನಿನ ದುಡ್ಡು ನಮ್ಮಲ್ಲಿಲ್ಲ ಎಂಬ ಆಕ್ಷೇಪ ಸರಿಯೇ. ಆದರೆ ಸಹಾಯವನ್ನು ರೂಪಾಯಿಯಲ್ಲಿ ಅಳೆಯದೆ ಗಂಟೆಯಲ್ಲಿ ಅಳೆಯುವುದಕ್ಕೆ ದುಡ್ಡು ಬೇಕಾಗಿಲ್ಲ, ಅದಕ್ಕೊಂದು ಬೇರೆ ಬಗೆಯ ಫಾರಂ ಸಾಕು.

ನಮ್ಮ ಕಾಯಿದೆಯ ಪುಸ್ತಕವೂ ಬಡವಾಗಿಲ್ಲ. ವಿಕಲಚೇತನರ ಹಕ್ಕುಗಳ 2016ರ ಕಾಯಿದೆಯ 5ನೆಯ ಕಲಮು, ಸಮುದಾಯದ ನಡುವೆ ಬದುಕುವ ಹಕ್ಕು ಎಲ್ಲರಿಗೂ ಇದೆ, ಯಾರನ್ನೂ ಇಂಥದೇ ವಸತಿಯಲ್ಲಿ ಇರಬೇಕೆಂದು ಕಡ್ಡಾಯಪಡಿಸುವಂತಿಲ್ಲ, ಮನೆಯೊಳಗಿನ ವೈಯಕ್ತಿಕ ಸಹಾಯವೂ ಸೇರಿದಂತೆ ಬೇಕಾದ ಸೇವೆಗಳು ಸಿಗಬೇಕು ಎನ್ನುತ್ತದೆ. ಓದಲು ಚೆನ್ನಾಗಿದೆ. ಆ ವೈಯಕ್ತಿಕ ಸಹಾಯಕ್ಕಾಗಿ ಒಂದು ಅರ್ಜಿ ಬರೆದು ನಾನೇ ಒಂದು ಕಚೇರಿಗೆ ಒಯ್ದಿದ್ದೆ. ಅಲ್ಲಿದ್ದವರು ಕಾಗದವನ್ನು ತಿರುಗಿಸಿ ನೋಡಿ, ಇದನ್ನು ಮಲಯಾಳದಲ್ಲಿ ಬರೆದು ತನ್ನಿ ಎಂದರು. ಈ ರಾಜ್ಯದ 1969ರ ಆಡಳಿತ ಭಾಷಾ ಕಾಯಿದೆ ಕನ್ನಡಿಗರಿಗೂ ತಮಿಳರಿಗೂ ತಮ್ಮ ಭಾಷೆಯಲ್ಲೇ ವ್ಯವಹರಿಸುವ ಅವಕಾಶ ಕೊಟ್ಟಿದೆ ಎಂದು ನೆನಪಿಸಿದಾಗ ಅವರು ನಕ್ಕರು. ಕೆಟ್ಟ ನಗುವಲ್ಲ, ಮಧ್ಯಾಹ್ನದ ಮೂರೂವರೆ ಗಂಟೆಯ ದಣಿವಿನ ನಗು. ಇಂಥ ಯೋಜನೆಯೇ ಇಲ್ಲ ಮಾಷ್ಟ್ರೇ, ಯಾವ ಭಾಷೆಯಲ್ಲಿ ಬರೆದರೂ ಒಂದೇ, ಎಂದರು.

ಇಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ನಮ್ಮ ಊರಿನ ಮನೆ ಬಾಗಿಲಿಗೆ ತಾನಾಗಿ ಬರುವ ಸರಕಾರಿ ಸೇವೆ ಒಂದಿದೆ, ಅದು ಪ್ಯಾಲಿಯೇಟಿವಿನವರ ಜೀಪು. ಕೇರಳವು 2008ರಲ್ಲಿ ಸಾಂತ್ವನ ಆರೈಕೆಗೊಂದು ನೀತಿಯನ್ನು ತಂದು, ಅದನ್ನು ಪಂಚಾಯತುಗಳ ಹೊಣೆಗೆ ಒಪ್ಪಿಸಿತು. ನರ್ಸು, ಆಶಾ ಕಾರ್ಯಕರ್ತೆ, ಕೆಲವೊಮ್ಮೆ ವಾರ್ಡಿನ ಮೆಂಬರು, ಇಷ್ಟು ಜನ ಆ ಜೀಪಿನಲ್ಲಿರುತ್ತಾರೆ. ಅಮ್ಮ ಹಾಸಿಗೆ ಹಿಡಿದ ಕೊನೆಯ ಏಳು ತಿಂಗಳು ಅವರು ತಪ್ಪದೆ ಬಂದರು. ಬೆನ್ನಿನ ಹುಣ್ಣಿಗೆ ಕಟ್ಟು ಬದಲಿಸುವಾಗ ಆ ನರ್ಸು ಮೊದಲು ತನ್ನ ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದಳು, ತಣ್ಣಗಿನ ಕೈ ತಗುಲಿದರೆ ಅಮ್ಮ ಬೆಚ್ಚುತ್ತಾಳೆಂದು. ತಿಂಗಳಿಗೆ ಒಂದೋ ಎರಡೋ ಭೇಟಿ. ಅದು ರೋಗಕ್ಕೆ ಬರುವ ಜೀಪು, ಮೀಯಿಸಲು ಬರುವುದಲ್ಲ. ಆದರೆ ಯಾವ ಮನೆಯಲ್ಲಿ ಯಾರು ಮಲಗಿದ್ದಾರೆ, ಯಾವ ಓಣಿಗೆ ಜೀಪು ಹೋಗದು, ಯಾವ ಅಜ್ಜಿಗೆ ಮಲಯಾಳ ತಿಳಿಯದು ಎಂಬುದೆಲ್ಲ ಅವರಿಗೆ ಗೊತ್ತಿದೆ. ಹಾಗೆಯೇ ಪೆರ್ಲದಲ್ಲಿ, ಬೌದ್ಧಿಕ ವಿಕಲತೆಯುಳ್ಳ ಮಕ್ಕಳಿಗಾಗಿ, ಪಂಚಾಯತಿನ ಬಡ್ಸ್ ಶಾಲೆಯಿದೆ. ಹಗಲಿಗೆ ಮಕ್ಕಳನ್ನು ಅಲ್ಲಿಗೆ ಬಿಟ್ಟು ತಾಯಂದಿರು ಕೂಲಿಗೆ ಹೋಗಿಬರಬಹುದು. ಎಂಡೋಸಲ್ಫಾನ್ ಸಂತ್ರಸ್ತರಿಗಾಗಿ ಮುಳಿಯಾರಿನಲ್ಲಿ ಸುಮಾರು 25 ಎಕರೆಯಲ್ಲಿ ಪುನರ್ವಸತಿ ಗ್ರಾಮವೊಂದನ್ನು ಹಂತಹಂತವಾಗಿ ಕಟ್ಟುತ್ತಿದ್ದು, ಅದರ ಮೊದಲ ಹಂತ 2024ರಲ್ಲಿ ತೆರೆಯಿತು. ಅಲ್ಲಿ ಒಂದಲ್ಲ ಒಂದು ದಿನ ವಾಸಕ್ಕೆ ಮನೆಗಳೇಳುವುದಾದರೆ, ಒಂದು ಸಾಲಿನಲ್ಲಾದರೂ ಎರಡು ಕೋಣೆಯ ಮನೆಗಳಿರಲಿ, ಒಂದರಲ್ಲಿ ಮುದಿ ತಾಯಿ, ಒಂದರಲ್ಲಿ ಮಗ, ನಡುವೆ ಬಾಗಿಲು ಎಂಬುದು ನನ್ನ ಆಸೆ.

ಕಟ್ಟಡಕ್ಕಿಂತ ಮೊದಲು ಬೇಕಾದದ್ದು ಇನ್ನೂ ಅಗ್ಗದ್ದು ಎಂದು ನನಗೆ ತೋರುತ್ತದೆ. ಕೇರಳದ ಸ್ತ್ರೀಯರ ಸ್ವಸಹಾಯ ಸಂಘಗಳ ಜಾಲವಾದ ಕುಟುಂಬಶ್ರೀಯ ಹೆಂಗಸರಲ್ಲಿ ಮನೆಯ ಹಿರಿಯರನ್ನು ವರ್ಷಗಟ್ಟಲೆ ನೋಡಿಕೊಂಡು ಕೈ ಪಳಗಿದವರು ವಾರ್ಡಿಗೆ ನಾಲ್ಕೈದು ಮಂದಿಯಾದರೂ ಇದ್ದಾರೆ. ಅವರಿಗೆ ಸ್ವಲ್ಪ ತರಬೇತಿ ಕೊಟ್ಟು, ಪಂಚಾಯತಿನಿಂದಲೇ ಗಂಟೆಯ ಲೆಕ್ಕದಲ್ಲಿ ಸಂಬಳ ಕೊಟ್ಟು, ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಬೇಕಾದ ಮನೆಗಳಿಗೆ ಕಳುಹಿಸಿದರೆ, ಪರವನಡ್ಕದ ಹಾಸಿಗೆಗಾಗಿ ಕಾಯುವವರಲ್ಲಿ ಎಷ್ಟೋ ಮಂದಿ ತಮ್ಮ ಜಗಲಿಯಲ್ಲೇ ಉಳಿದಾರು. ಅವರಿಗೆ ಅಜ್ಜಿಯ ಭಾಷೆಯೂ ಗೊತ್ತಿರುತ್ತದೆ. ಇದಕ್ಕೆ ಬರಬಹುದಾದ ದೊಡ್ಡ ಆಕ್ಷೇಪವೂ ನನಗೆ ಗೊತ್ತು: ಮಕ್ಕಳು ಮಾಡಬೇಕಾದದ್ದನ್ನು ಸರಕಾರ ಮಾಡಿದರೆ ಮಕ್ಕಳು ಕೈ ತೊಳೆದುಕೊಳ್ಳುತ್ತಾರೆ ಎಂಬುದು. ನಮ್ಮ ಮನೆಗೆ ಆ ಇಡುಕ್ಕಿಯ ಹೆಂಗಸು ಬಂದ ಮೇಲೆ ನಾನು ಅಮ್ಮನ ಬಳಿ ಕುಳಿತುಕೊಳ್ಳುವ ಹೊತ್ತು ಹೆಚ್ಚಿತು. ಅಲ್ಲಿಯವರೆಗೆ ನಾನು ಬಕೆಟು, ಬಟ್ಟೆ, ಮಾತ್ರೆಗಳ ನಡುವೆ ಓಡಾಡುವ ಸಿಡುಕಿನ ಮನುಷ್ಯನಾಗಿದ್ದೆ.

ಕಳೆದ ತಿಂಗಳು ಕೆಳಗಿನ ಮನೆಯಾಕೆ ಬಂದು ಜಗಲಿಯಲ್ಲಿ ಕುಳಿತರು. ಎದೆಯಲ್ಲಿ ಏನೋ ಬಿಗಿತವಂತೆ, ಉಕ್ಕಿನಡ್ಕದ ಆಸ್ಪತ್ರೆಯಲ್ಲಿ ತೋರಿಸಿದ್ದಾರಂತೆ. ತನಗೇನಾದರೂ ಆದರೆ ಮಗನನ್ನು ನೋಡಿಕೊಳ್ಳುವವರಿಗೆ ಒಂದು ಕಾಗದ ಬರೆದಿಡಬೇಕು, ಯಾರು ಎಂಬುದು ಗೊತ್ತಿಲ್ಲ, ಆದರೂ ಬರೆಯಿರಿ ಎಂದರು. ನಾನು ಬರೆಯುತ್ತಾ ಹೋದೆ. ಬೆಳಿಗ್ಗೆ ಎಬ್ಬಿಸುವಾಗ ಹೆಸರು ಕರೆಯಬಾರದು, ಕಾಲಿನ ಹೆಬ್ಬೆರಳು ಮುಟ್ಟಬೇಕು. ಗಂಜಿಗೆ ಉಪ್ಪು ಅವನ ಎದುರಿನಲ್ಲೇ ಹಾಕಬೇಕು. ಒಂಬತ್ತೂ ನಲವತ್ತರ ಬಸ್ಸು ಕಾಣುವ ಹಾಗೆ ಜಗಲಿಯ ಮೂಡುಮೂಲೆಯಲ್ಲಿ ಕುಳ್ಳಿರಿಸಬೇಕು, ಬಸ್ಸು ಬರದ ದಿನ ಮಾತಾಡಿಸಬಾರದು. ಮೀಯಿಸುವಾಗ ಹನ್ನೆರಡು ಚೆಂಬು ನೀರು ಹೊಯ್ಯಬೇಕು. ಹನ್ನೊಂದಕ್ಕೆ ನಿಲ್ಲಿಸಿದರೆ ಅವನು ಎದ್ದು ಬರುವುದಿಲ್ಲ, ಕೂಗುತ್ತಾನೆ. ನಾನು 12 ಚೆಂಬು ಎಂದು ಬರೆದೆ. ಆಕೆಗೆ ಓದಲು ಬಾರದಿದ್ದರೂ ಬೆರಳಿಟ್ಟು ಅದು ಅಂಕಿಯೋ ಎಂದು ಕೇಳಿದರು. ಹೌದೆಂದೆ. ಅಕ್ಷರದಲ್ಲೂ ಬರೆದುಬಿಡಿ ಮಾಷ್ಟ್ರೇ, ಎಂದರು.